ರಾಹುಕಾಲದಲ್ಲಿ ಇನ್ನೂರ ಒಂಬತ್ತು ವಾಟ್

ಕೊಟ್ಟೂರಿನ ಚಿ. ಅರ್ಚನಾಳಿಗೆ, ಹೂವಿನಹಡಗಲಿಯಿಂದ ಹಾಲೇಶಪ್ಪ ಮಾಡುವ ಆಶೀರ್ವಾದಗಳು.

ಯಾವ ಹಾಲೇಶಪ್ಪ ಎಂದು ಹಣೆ ಗಂಟಿಕ್ಕಬೇಡ ತಾಯಿ. ಮೊನ್ನೆ ಭಾನುವಾರ ನಿನ್ನನ್ನು ನೋಡಲು ಹರಪನಹಳ್ಳಿಯಿಂದ ಬಂದ ದಂಡಿನಲ್ಲಿ, ಮಿರ್ಚಿಯ ತಟ್ಟೆಗೆ ಎರಡನೇ ಸಲ ಕೈ ಚಾಚಿದ ಬೋಳುತಲೆಯವನೇ ನಾನು. ಹುಡುಗ ಸೋಮಶೇಖರನ ಸೋದರಮಾವ. ಅವನ ತಾಯಿ ಕೊಟ್ರಬಸಮ್ಮ ನನ್ನ ಅಕ್ಕ. ಈ ಪತ್ರದ ಸಂಗತಿ ಅಕ್ಕನಿಗೆ ಗೊತ್ತಿಲ್ಲ. ಗೊತ್ತಾದರೆ ಇನ್ನೊಂದು ಪತ್ರ ಬರೆಯಲು ನನಗೆ ಕೈ ಉಳಿಯುವುದಿಲ್ಲ.

ಮೊದಲಿಗೆ, ಹೊತ್ತಿಗೆ ಮುಂಚೆ ಬಂದದ್ದಕ್ಕೆ ಕ್ಷಮೆ ಇರಲಿ. ಶರಣರಿಗೆ ಎಲ್ಲ ಗಳಿಗೆಯೂ ಒಂದೇ ಎಂದು ಮೈಕು ಸಿಕ್ಕಲ್ಲೆಲ್ಲ ಭಾಷಣ ಮಾಡುವ ಮನೆತನ ನಮ್ಮದು. ಆದರೆ ಅಕ್ಕನ ಗಡಿಯಾರದಲ್ಲಿ ಎರಡು ಮುಳ್ಳುಗಳ ಜೊತೆ ರಾಹುವೂ ತಿರುಗುತ್ತಾನೆ. ಭಾನುವಾರ ಅವನ ಪಾಳಿ ನಾಲ್ಕೂವರೆಯಿಂದ ಆರು. ಮಾತಾಗಿದ್ದಂತೆ ಆರೂವರೆಗೆ ನಿಮ್ಮಲ್ಲಿ ಇರಬೇಕೆಂದರೆ ರಾಹುಕಾಲದಲ್ಲೇ ಮನೆ ಬಿಡಬೇಕು. ಅದಕ್ಕೇ ಮೂರಕ್ಕೆ ಹೊರಟು ನಾಲ್ಕಕ್ಕೆ ನಿಮ್ಮ ಪಡಸಾಲೆಯಲ್ಲಿ ಪ್ರತ್ಯಕ್ಷರಾದೆವು.

ಬಂದು ನೋಡಿದರೆ, ನೋಡಬೇಕಾದ ಹುಡುಗಿ ಸೈಕಲ್ಲಿನ ಮೇಲೆ! ಹಿಂದಿನ ಗಾಲಿ ಕಳಚಿ, ಸೈಕಲ್ಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿಯಲಾಗಿತ್ತು. ನೀನು ಜೀವ ಬಿಟ್ಟು ತುಳಿಯುತ್ತಿದ್ದೆ. ಸ್ಟೂಲಿನ ಮೇಲಿದ್ದ ಫೋನಿನಿಂದ ನಿಮ್ಮ ಕೋಚು ಕೂಗುತ್ತಿದ್ದ: "ಇನ್ನಾ ಹದಿನೈದು ನಿಮಿಷ! ಬಿಡಬ್ಯಾಡ!" ನಿಮ್ಮಪ್ಪ ಪಂಚಾಕ್ಷರಪ್ಪನವರ ಮುಖ ಸುಣ್ಣದ ಗೋಡೆಯಾಗಿತ್ತು. "ಇಳಿಯವ್ವಾ, ಬೀಗ್ರು ಬಂದಾರ" ಎಂದರು. ನೀನು ತಲೆ ಅಲ್ಲಾಡಿಸಿದೆ. ಬೆವರಿನ ಒಂದು ಹನಿ ಹಾರಿ ಅಕ್ಕನ ಇಳಕಲ್ ಸೀರೆಯ ಮೇಲೆ ಬಿತ್ತು. ತೀರ್ಥ ಬಿದ್ದವರಂತೆ ಅಕ್ಕ ಕಣ್ಣು ಮುಚ್ಚಿದಳು; ಭಕ್ತಿಯಿಂದಲ್ಲ.

"ಪರೀಕ್ಷಿ ನಡದೈತ್ರಿ. ಇಪ್ಪತ್ತು ನಿಮಿಷ ಇದ್ದಷ್ಟೂ ಕಸುವು ಹಾಕಿ ತುಳೀಬೇಕಂತ. ನಡುವ ನಿಂತ್ರ ಲೆಕ್ಕಕ್ಕಿಲ್ಲಂತ. ಇನ್ನೂರು ವಾಟ್ ದಾಟಿದ್ರ ರಾಜ್ಯದ ಕ್ಯಾಂಪಿಗೆ ತಗೋತಾರಂತ, ಇವತ್ತ ಕಡೀ ದಿನ" ಎಂದು ನಿಮ್ಮಪ್ಪ ಅಪರಾಧಿಯ ದನಿಯಲ್ಲಿ ವಿವರಿಸಿದರು.

ಅಕ್ಕ ಕೇಳಿದಳು: "ಇಪ್ಪತ್ತು ನಿಮಿಷ ತುಳದು ಎಲ್ಲಿಗೆ ಹೋಗ್ತಾಳ್ರಿ?"

ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಒಳಮನೆಯ ಬಾಗಿಲಿಗೆ ನೀನೇ ಅಡ್ಡ. ಚಹಾ ಆಚೆ, ನಾವು ಈಚೆ. ಜಮಖಾನದ ಮೇಲೆ ಸಾಲಾಗಿ ಕೂತು ನಿನ್ನ ಮೊಣಕಾಲು ಏರಿಳಿಯುವುದನ್ನು ನೋಡುವುದೊಂದೇ ಉಳಿದಿತ್ತು. ಅಕ್ಕನಿಗೆ ತಡೆಯಲಾಗಲಿಲ್ಲ. "ಅಡಿಗಿ ಬರತೈತೇನವ್ವಾ?"

"ಆರು... ನಿಮಿಷ... ನಿಲ್ರಿ."

ವಧುಪರೀಕ್ಷೆಯಲ್ಲಿ ವರನ ತಾಯಿಗೆ ಸಿಕ್ಕ ಇಂಥ ಉತ್ತರ ನಾನಂತೂ ಕೇಳಿಲ್ಲ. ಕೊನೆಯ ನಿಮಿಷದಲ್ಲಿ ನಾನೂ ಉಸಿರು ಬಿಗಿಹಿಡಿದಿದ್ದೆ. ಕೂತಲ್ಲೇ ನನ್ನ ಕಾಲ್ಬೆರಳು ಆಡುತ್ತಿದ್ದವು. ಮುಗಿದದ್ದೇ ನೀನು ಜಾರಿ ಇಳಿದು, ಬೀಗರ ಎದುರಿಗೇ ನೆಲದ ಮೇಲೆ ಅಂಗಾತ ಬಿದ್ದೆ. ಫೋನು ಕೂಗಿತು: "ಸರಾಸರಿ ಇನ್ನೂರ ಇಪ್ಪತ್ತು ವಾಟ್! ಅದ್ರಾಗ ನೂರಕ್ಕ ಐದು ಕಳದ್ರ ಇನ್ನೂರ ಒಂಬತ್ತು! ತಾಸುಗಟ್ಟಲೆ ತುಳಿಯೋ ನಿನ್ನ ತಾಕತ್ತು ಇದು, ಮಗಳಾ!" ಬಿದ್ದಲ್ಲೇ ನೀನು ನಕ್ಕೆ. ನಮಗಾಗಿ ನಕ್ಕದ್ದಲ್ಲ ಅದು. ಯಾರಿಗೂ ತೋರಿಸಲಿಕ್ಕಲ್ಲದ ನಗು.

ನೀನು ಮುಖ ತೊಳೆದು, ಸೀರೆಯುಟ್ಟು ಬರುವಷ್ಟರಲ್ಲಿ ರಾಹುಕಾಲ ಹತ್ತಿತ್ತು. ಸಂಬಂಧದ ಮಾತು ಎತ್ತುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಒಂದೂವರೆ ತಾಸು ನಾವೆಲ್ಲ ನಿಮ್ಮ ಪಡಸಾಲೆಯ ಕೈದಿಗಳು. ಬೇಸರಕ್ಕೆ ಸೋಮಶೇಖರ ಸೈಕಲ್ ಹತ್ತಿದ. ಎರಡೇ ನಿಮಿಷಕ್ಕೆ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿ, ಕಣ್ಣು ಮೇಲಾಗಿ, "ಮಾವಾ, ಹಿಡೀರಿ" ಎಂದು ಇಳಿದ. ಆಗ ನೀನು ಕೊಟ್ಟ ನೀರು ಕುಡಿಯುತ್ತ ಮೆಲ್ಲಗೆ ಕೇಳಿದ: "ಮದುವಿ ಆದಮ್ಯಾಲೂ ಇದನ್ನ ತುಳೀತೀರೇನ್ರಿ?"

ನೀನು ಅಷ್ಟೇ ಮೆಲ್ಲಗೆ ಹೇಳಿದೆ: "ಇದನ್ನಲ್ರಿ. ಇದು ಕಟ್ಟಿಹಾಕಿದ್ದು. ನಾ ತುಳಿಯೋದು ರೋಡಿನ್ಯಾಗ."

ಪಕ್ಕದಲ್ಲಿದ್ದ ನನ್ನೊಬ್ಬನ ಕಿವಿಗೆ ಬಿತ್ತು. ಆಗಿನ್ನೂ ಐದು ಗಂಟೆ. ಈ ಗಂಟೆಯನ್ನು ನೆನಪಿಡು.

ನೀವು ನಮ್ಮಿಂದ 'ಬ್ಯಾಡ' ಎಂಬ ಮಾತಿಗೆ ಕಾದಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಚಿಗಟೇರಿ ದಾಟುವ ಮೊದಲೇ ಕಾರಿನಲ್ಲಿ ಅಕ್ಕ ತೀರ್ಪು ಕೊಟ್ಟಳು: "ಹುಡುಗಿ ಗಟ್ಟಿ ಐತಿ. ಇನ್ನೂರಾ ಒಂಬತ್ತು ಅಂದ್ರ ಸಣ್ಣ ಮಾತಲ್ಲ. ಇಂಥಾಕಿ ಮನಿಗೆ ಬೇಕು." ಜಾತಕದ ಮೂವತ್ತಾರು ಗುಣಗಳಲ್ಲಿ ಇನ್ನೂರ ಒಂಬತ್ತು ಕೂಡಿಬಂದಂತೆ ಅವಳ ಮುಖ ಬೆಳಗುತ್ತಿತ್ತು. ನಿನ್ನ ವಾಟುಗಳನ್ನೆಲ್ಲ ಅವಳು ಆಗಲೇ ಅಂಗಳ, ಅಡುಗೆ, ಹತ್ತಾಳಿನ ರೊಟ್ಟಿಗೆ ಹಂಚಿಬಿಟ್ಟಿದ್ದಳು. ಮೇಲೆ ಒಂದು ಔದಾರ್ಯ: "ಸೈಕಲ್ ಬಿಡು ಅನ್ನಾಕ ನಾ ಏನು ರಾಕ್ಷಸಿ ಏನ್ಲೇ? ಮಾಳಗಿ ಮ್ಯಾಲ ಅದೇ ಸ್ಟ್ಯಾಂಡಿನ್ಯಾಗ ಎಷ್ಟು ಬೇಕಾದ್ರೂ ತುಳೀಲಿ. ರೋಡಿಗೆ ಮಾತ್ರ ಬ್ಯಾಡ. ಕ್ಯಾಂಪೂ ಬ್ಯಾಡ."

ಸೋಮಶೇಖರ ಕಿಟಕಿಯ ಆಚೆ ನೋಡುತ್ತಿದ್ದ. ಕೆಟ್ಟ ಹುಡುಗನಲ್ಲ. ತಾಯಿಯ ಎದುರು ಅವನ ತಾಕತ್ತೂ ಎರಡೇ ನಿಮಿಷದ್ದು.

ಈಗ ನನ್ನ ಪಾಡು ಕೇಳು. ಶುಕ್ರವಾರ ಬೆಳಿಗ್ಗೆ ಹತ್ತೂವರೆಯ ರಾಹುಕಾಲಕ್ಕೆ ಮೊದಲು ನಿಮ್ಮಪ್ಪನಿಗೆ ಫೋನು ಮಾಡಿ ಒಪ್ಪಿಗೆ ತಿಳಿಸಬೇಕೆಂದು ನನಗೆ ಅಪ್ಪಣೆಯಾಗಿದೆ. ನಿಮ್ಮಪ್ಪ 'ಆಗಲಿ' ಅಂದುಬಿಡುತ್ತಾರೆ. ಅವರ ಬಾಯಿಂದ ಬಿದ್ದ ಮಾತು ವಾಪಸ್ ಬರುವಂಥದ್ದಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಅಕ್ಕನಿಗೆ ಎದುರು ಮಾತಾಡಿ ಗೊತ್ತಿಲ್ಲದ ನಾನು ಎರಡು ರಾತ್ರಿ ಮಲ್ಲಿಗೆ ತೋಟದಲ್ಲಿ ಒಬ್ಬನೇ ಸುತ್ತಿದೆ. ತುಳಿದು ತುಳಿದು ಎಲ್ಲಿಗೆ ಹೋಗ್ತಾಳೆ? ಮಾಳಿಗೆಯ ಮೇಲಿನ ಸ್ಟ್ಯಾಂಡಿನಲ್ಲಿ ತುಳಿದರೆ ಎಲ್ಲಿಗೂ ಇಲ್ಲ. ಅಕ್ಕನ ಪ್ರಶ್ನೆಗೆ ಅಕ್ಕನೇ ಉತ್ತರ ಬರೆದಿಟ್ಟಿದ್ದಾಳೆ.

ಆದರೆ ಬೀಗ ಹಾಕಿದವಳೇ ಕೀಲಿಯನ್ನೂ ಬಿಟ್ಟಿದ್ದಾಳೆ ತಾಯಿ. ರಾಹುಕಾಲದಲ್ಲಿ ಎತ್ತಿದ ಸಂಬಂಧ ಅವಳ ಪಾಲಿಗೆ ಹುಟ್ಟುವ ಮೊದಲೇ ಸತ್ತಂತೆ. ಐದು ಗಂಟೆಗೆ ಅವಳ ಮಗನೇ 'ಮದುವಿ' ಎಂದು ಬಾಯಿಬಿಟ್ಟದ್ದನ್ನು ನಾನು ಹೇಳಿದರೆ ಸಾಕು, ನಿಮ್ಮಪ್ಪನ ಮೇಲೆ ಒಂದು ಮಾತೂ ಬರದಂತೆ ಅವಳೇ ಹಿಂದೆ ಸರಿಯುತ್ತಾಳೆ. ಹೇಳಬೇಕೋ ನುಂಗಬೇಕೋ, ನೀನು ತಿಳಿಸು. ಹುಡುಗ ಮನಸ್ಸಿಗೆ ಬಂದಿದ್ದರೆ ನುಂಗುತ್ತೇನೆ. ಆಗ ರೋಡಿನ ಮಾತನ್ನು ಅವನು ತಾಯಿಯ ಎದುರಿಗೇ ಗಟ್ಟಿಯಾಗಿ ಹೇಳಲಿ ಎಂದು ಹಟ ಹಿಡಿ. ಅಕ್ಕನನ್ನೇ ಆರು ನಿಮಿಷ ನಿಲ್ಲಿಸಿದವಳು ನೀನು, ಇದನ್ನೂ ಮಾಡುತ್ತೀಯ.

ಅವತ್ತು ಸೋಮಶೇಖರ ಸೈಕಲ್ ಮೇಲೆ ಏದುಸಿರು ಬಿಡುವಾಗ ನಾನು ತೆಗೆದ ಫೋಟೊ ಬೇಕೆಂದು ನೀನು ಕೊಟ್ಟ ನಂಬರಿಗೇ ಈ ಹಾಳೆಗಳ ಫೋಟೊ ಕಳಿಸುತ್ತಿದ್ದೇನೆ. ಗುರುವಾರ ರಾತ್ರಿಯೊಳಗೆ 'ಹೇಳ್ರಿ' ಇಲ್ಲವೇ 'ನುಂಗ್ರಿ' ಎಂದು ಒಂದೇ ಮಾತು ಹಾಕು. ಏನೂ ಬರದಿದ್ದರೆ ನಾನು ಅಕ್ಕನ ತಮ್ಮ, ಫೋನು ಮಾಡಲೇಬೇಕಾಗುತ್ತದೆ.

ಕಳಚಿಟ್ಟ ನಿನ್ನ ಹಿಂದಿನ ಗಾಲಿ ಗೋಡೆಗೆ ಒರಗಿತ್ತು, ನೋಡಿದೆ. ಅದು ಬೇಗ ಮಣ್ಣು ಮುಟ್ಟಲಿ.

ಇತಿ,
ಇನ್ನೂ ಬೀಗನಾಗದ,
ಆಗದಿದ್ದರೂ ನಿನ್ನ ಹಿತ ಬಯಸುವ
ಹಾಲೇಶಪ್ಪ