ಕ್ಲಚ್ ಪೆಡಲ್ ಮೇಲಿನ ಕೆಂಪು

ಅಕ್ಕಾ, ಗುರುತಿಲ್ಲದ ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ತೊಡೆಯ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಬೆಳಿಗ್ಗೆ ಕ್ಲಚ್ ಪೆಡಲ್ ಮೇಲೆ ಕೆಂಪಗೆ ಏನೋ ಅಂಟಂಟು ಕಂಡಿತು. ಆಯಿಲ್ ಸೋರುತ್ತಿದೆ ಎಂದುಕೊಂಡು ಅರ್ಧ ಗಂಟೆ ಲಾರಿಯ ಕೆಳಗೆ ಮಲಗಿ ಹುಡುಕಿದೆ. ಮೆಕ್ಯಾನಿಕ್ ಬಂದವನೇ ನನ್ನ ಎಡಗಾಲು ನೋಡಿ, "ಅಣ್ಣಾ, ಸೋರ್ತಿರೋದು ಲಾರಿ ಅಲ್ಲ, ನೀನು!" ಎಂದು ಕಿರುಚಿದ. ಚಪ್ಪಲಿ ತೂರಿ ಅಂಗಾಲಿಗೆ ಮೊಳೆ ಇಳಿದಿತ್ತು. ದಿನಾ ಆರು ಟಯರನ್ನೂ ತಡವಿ ಮೊಳೆ ಹುಡುಕುವವನು ನಾನು!

"ಶುಗರ್ ನಾನೂರಿದೆ. ಮಾತ್ರೆ ಯಾವಾಗ ಬಿಟ್ರಿ?" ಎಂದರು ಡಾಕ್ಟರು. ಬೆರಳು ಮಡಚಿ ತಿಂಗಳು ಎಣಿಸಿದೆ. ಇನ್ನು ದಿನಾ ಇಂಜೆಕ್ಷನ್ನಂತೆ. ಎರಡು ವಾರ ಗಾಡಿ ಮುಟ್ಟುವಂತಿಲ್ಲ.

ಅಮ್ಮ ಕೇಳಿದರೆ ನೋವೇನೂ ಇಲ್ಲವಂತೆ ಎನ್ನು. ಸುಳ್ಳಲ್ಲ ಅಕ್ಕಾ. ಮೊಳೆ ಕೀಳುವಾಗಲೂ ನನಗೆ ಏನೂ ಗೊತ್ತಾಗಲಿಲ್ಲ.

ನಿನ್ನ ತಮ್ಮ