ಅತ್ತಿದ್ದು ಯಾವ ಹೊಸಕೆರೆಯವರು

ಐಮಂಗಲ
ತಾ. ೫-೭-೧೯೭೬, ಸೋಮವಾರ

ಪ್ರೀತಿಯ ಗೆಳತಿ ಏಕಾಂತಮ್ಮನಿಗೆ ನಿನ್ನ ಓಬಕ್ಕನ ನಮಸ್ಕಾರ.

ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೀತಾ ಇದೀನಿ, ಬೈಕೋಬೇಡ. ಬಿಡುವಾದಾಗ ಮನಸ್ಸಿರಲ್ಲ, ಮನಸ್ಸಾದಾಗ ಪೆನ್ನಿನಲ್ಲಿ ಇಂಕಿರಲ್ಲ. ಇವತ್ತು ಮಾತ್ರ ಒಲೆ ಮೇಲಿನ ಎಸರು ಇಳಿಸಿಟ್ಟು ಕುಂತೀನಿ.

ರಾತ್ರಿ ಕೆಟ್ಟ ಕನಸು ಬಿತ್ತು ಕಣೆ. ನಾನು ಕೆರೆ ಏರಿ ಮೇಲೆ ನಿಂತೀನಂತೆ. ಕೆಳಗೆ ತೂಬಿನ ಹತ್ತಿರ ಜನ ಕುಂತು ಅಳ್ತಾ ಅವರೆ. ನಮ್ಮೋರು ಅಂತ ಓಡಿಹೋದೆ. ಒಬ್ಬೊಬ್ಬರ ಸೆರಗು ಸರಿಸಿ ನೋಡಿದರೆ ಒಂದು ಮುಖವೂ ಗುರ್ತಿನದಲ್ಲ. "ಇದು ಯಾವ ಹೊಸಕೆರೆ?" ಅಂತ ಕೇಳಿದೆ. ಎಲ್ಲರೂ ಅಳೋದು ನಿಲ್ಲಿಸಿ ನನ್ನೇ ನೋಡಿದರು. ಎಚ್ಚರಾದಾಗ ಮೈಯೆಲ್ಲ ಬೆವರು. ಪಕ್ಕದಲ್ಲಿ ಮಲಗಿದ್ದ ನಮ್ಮ ಮನೆಯವರ ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ. ಉಸಿರು ಆಡ್ತಿತ್ತು.

ಈ ಕನಸು ಸುಮ್ಮನೆ ಬಿದ್ದಿದ್ದಲ್ಲ. ಹೋದ ತಿಂಗಳು ಉಣ್ಣೆ ಕತ್ತರಿಸೋಕೆ ಮುಂಚೆ ಕುರಿ ಮೈ ತೊಳೆಯೋಕೆ ಅಂತ ಇವರು ಹಳ್ಳಕ್ಕೆ ಇಳಿದಿದ್ದರು. ರುಮಾಲು ಬಿಚ್ಚಿ ದಡದ ಮೇಲಿಟ್ಟಿದ್ದರಂತೆ. ಎಲ್ಲಿಂದಲೋ ಒಂದು ಕಾಗೆ ಬಂದು ನೆತ್ತಿ ಮೇಲೆ ಕಾಲೂರಿ ಹಾರಿಹೋಯ್ತಂತೆ. ಮನೆಗೆ ಬಂದು ಅದನ್ನ ಹೇಳೋವಾಗ ಇವರಿಗೋ ನಗು. "ಅದಕ್ಕೂ ಪಾಪ ಕಾಲು ನೋವಿತ್ತೇನೋ ಕಣೆ, ಬೋಳು ಗುಂಡು ಅಂದ್ಕಂಡು ಕುಂತೈತೆ" ಅಂದರು. ಒಳಗೆ ರಾಗಿ ಕೇರ್ತಿದ್ದ ನಮ್ಮತ್ತೆ ಬರಗೇರಮ್ಮ ಮೊರ ಕೈಬಿಟ್ಟು ಆಚೆ ಬಂದರು.

"ನಗಬ್ಯಾಡ್ಲೇ ಮುಂಡೇದೇ! ಕಾಗೆ ತಲೆ ಮುಟ್ಟಿದ್ರೆ ಸಾವು ಮನೆ ಹುಡುಕ್ಕಂಡು ಬತ್ತೈತೆ. ಏ ಓಬಿ, ಇವನು ಸತ್ತ ಅಂತ ನಿನ್ನ ತವರಿಗೆ ಸುಳ್ಳುಸುದ್ದಿ ಕಳಿಸು. ಅವರು ನಿಜ ಅಂತ ನಂಬಿ ಒಂದು ಸಲ ಕಣ್ಣೀರು ಹಾಕ್ಲಿ. ಕೆಲಸ ಮುಗೀತು ಅಂದ್ಕಂಡು ಸಾವು ಹೊಳ್ಳಿ ಹೋಗ್ತೈತೆ. ಸುಳ್ಳು ಅಂತ ಆಮೇಲೆ ಹೇಳಿ ಕಳಿಸಾಣ."

ತವರು ಅಂದರೆ ನನಗಿರೋದು ನಮ್ಮಣ್ಣ ಪಾಪಣ್ಣ ಒಬ್ಬನೇ. ನಮ್ಮ ಮಗಳನ್ನ ಅವನ ಮಗನಿಗೆ ತರಬೇಕು ಅಂತ ಅವನಿಗಿತ್ತು. ನಾವು ಸಿರಿಗೆರೇಲಿ ಮೇಷ್ಟ್ರಾಗಿರೋ ಹುಡುಗನಿಗೆ ಕೊಟ್ವಿ. ಆವತ್ತಿಂದ ಅವನು ಈ ಕಡೆ ತಲೆ ಹಾಕಿಲ್ಲ, ನಿನಗೆ ಗೊತ್ತಿರೋದೇ. ಆದರೂ ಸಾವಿನ ಸುದ್ದಿ ಅಲ್ವಾ ಅಂತ ಕಂಬಳಿ ಮಾರೋ ಕಾಟಪ್ಪನ ಕೈಲಿ ಹೇಳಿ ಕಳಿಸಿದೆ. ಅವನು ದುರ್ಗದ ಮೇಲೆ ಹೊಳಲ್ಕೆರೆ, ಹೊಸದುರ್ಗ ಎಲ್ಲ ಸುತ್ತೋನು. ಸುದ್ದಿ ಸುಳ್ಳು ಅಂತ ಅವನಿಗೂ ಹೇಳಲಿಲ್ಲ. "ಹೊಸಕೆರೆಗೆ ಹೋಗಪ್ಪ. ಏರಿ ಮೇಲೆ ಹನುಮಪ್ಪನ ಗುಡಿ, ಗುಡಿ ಹಿಂದೆ ಪಾಪಣ್ಣನ ಮನೆ. ನಿನ್ನ ಭಾವ ತಿಮ್ಮರಾಯಪ್ಪ ಹೋಗಿಬಿಟ್ಟ ಅಂತ ಹೇಳು" ಅಂದೆ. ಯಾವ ತಾಲ್ಲೂಕು ಅಂತ ಹೇಳಬೇಕು ಅಂತ ನನಗೆ ಹೊಳೀಲೇ ಇಲ್ಲ. ನನ್ನ ಪಾಲಿಗೆ ಲೋಕದಲ್ಲಿ ಇರೋದೇ ಒಂದು ಹೊಸಕೆರೆ.

ವಾರ ಬಿಟ್ಟು ಕಾಟಪ್ಪ ಬಂದ. ಸತ್ತ ತಿಮ್ಮರಾಯಪ್ಪ ಜಗಲಿ ಮೇಲೆ ಕುಂತು ಮುದ್ದೆ ಮುರೀತಾ ಅವರೆ! ಕಾಟಪ್ಪ ಕಂಬಳಿ ಗಂಟು ಅಲ್ಲೇ ಬಿಸಾಕಿ ಓಡಿದ. ಇವರು ಎಂಜಲು ಕೈಯಲ್ಲೇ ಅವನ ಹಿಂದೆ. ಇವರು ಹತ್ತಿರ ಹೋದಷ್ಟೂ ಅವನು ಜೋರಾಗಿ ಓಡ್ತಾನೆ. ಹಿಡಕೊಂಡು ಬಂದು ಮಜ್ಜಿಗೆ ಕೊಟ್ಟು ನಿಜ ಹೇಳಿದರೆ ನನ್ನ ಮೇಲೆ ಎಗರಾಡಿದ.

"ಎಂಥ ಕೆಲಸ ಮಾಡಿಸಿದ್ಯಮ್ಮ ನನ್ನ ಕೈಲಿ! ಆ ಮುದುಕಿ ಎದೆ ಬಡ್ಕಂಡು ಅತ್ತಿದ್ದು ನೋಡಿದ್ರೆ ಕಲ್ಲು ಕರಗೋದು."

"ಯಾವ ಮುದುಕಿ ಕಾಟಪ್ಪ?"

"ಇನ್ಯಾವ ಮುದುಕಿ, ನಿಮ್ಮವ್ವ!"

ಏಕಾಂತಿ, ನಮ್ಮವ್ವನ್ನ ಮಣ್ಣು ಮಾಡಿದಾಗ ನೀನೂ ಇದ್ದೆ. ಕೇಳ್ತಾ ಹೋದರೆ ಅವನು ಹೋಗಿದ್ದು ಹೊಸದುರ್ಗದ ಕಡೆ ಇರೋ ನಮ್ಮ ಹೊಸಕೆರೆಗಲ್ಲ, ನಿಮ್ಮ ಹೊಳಲ್ಕೆರೆ ಕಡೆ ಇರೋ ಹೊಸಕೆರೆಗೆ. ಅಲ್ಲೂ ಏರಿ ಮೇಲೆ ಹನುಮಪ್ಪ ಅವನೆ. ಅಲ್ಲೂ ಗುಡಿ ಹಿಂದೆ ಒಬ್ಬ ಪಾಪಣ್ಣ ಅವನೆ. ಅವನ ತಂಗೀನೂ ಹಿರಿಯೂರು ಕಡೆ ಒಬ್ಬ ತಿಮ್ಮರಾಯಪ್ಪನಿಗೆ ಕೊಟ್ಟವರೆ. ನಮ್ಮ ಸೀಮೆ ಹಿರೀಕರಿಗೆ ಕೆರೆ ತೋಡೋಕೆ ಮೈಯಲ್ಲಿ ಬೆವರಿತ್ತು, ಹೆಸರಿಡೋಕೆ ತಾಳ್ಮೆ ಇರಲಿಲ್ಲ. ನಮ್ಮೂರಿನದು ಅಜ್ಜನ ಅಜ್ಜನ ಕಾಲದಿಂದಲೂ ಹೊಸಕೆರೆನೇ.

ಈಗ ನನ್ನ ಹೆದರಿಕೆ ಏನು ಅಂದರೆ, ಆ ಜನ ಅತ್ತಿದ್ದು ಅವರ ತಿಮ್ಮರಾಯಪ್ಪನಿಗೆ. ಅವನ ತಲೆ ಯಾವ ಕಾಗೆ ಮುಟ್ಟಿತ್ತು? ಚೆನ್ನಾಗಿರೋನಿಗೆ ಸಾವಿನ ಅಳು ಅತ್ತರೆ ಏನಾಗ್ತೈತೋ? ನಾನು ಇನ್ಯಾವಳದೋ ತಾಳಿಗೆ ಕೈ ಹಾಕಿದಂಗಾಯ್ತಲ್ಲ. ನಿಮ್ಮ ಯಜಮಾನರು ಮುರುಗಪ್ಪನೋರಿಗೆ ಒಂದು ದಿನ ಸೈಕಲ್ ಶಾಪು ಮುಚ್ಚಿ ಆ ಹೊಸಕೆರೆಗೆ ಹೋಗಿಬರೋಕೆ ಹೇಳು. ಆ ತಿಮ್ಮರಾಯಪ್ಪ ಇದಾನೋ ಇಲ್ವೋ ತಿಳಿದು ಬರೆ. ನಮ್ಮಣ್ಣನಿಗೆ ಮಾತ್ರ ಈ ವಿಷಯ ಮುಟ್ಟಬಾರದು. ಸುಳ್ಳು ಅಂತ ಗೊತ್ತಾದರೆ ಅಳು ಎಲ್ಲಿಂದ ಬರಬೇಕು?

ನಿನ್ನ ಕಾಗದ ಬರೋವರೆಗೂ ನನಗೆ ಅನ್ನ ಸೇರಲ್ಲ.

ನಿನ್ನ ಗೆಳತಿ
ಓಬಕ್ಕ

◆

ಐಮಂಗಲ
ತಾ. ೯-೮-೧೯೭೬, ಸೋಮವಾರ

ಪ್ರೀತಿಯ ಏಕಾಂತಮ್ಮನಿಗೆ ಓಬಕ್ಕ ಬರೆಯೋದು.

ನಿನ್ನ ಕಾಗದ ಕೈ ಸೇರಿ ದಿನ ಆಯ್ತು. ಮುರುಗಪ್ಪನೋರು ಕೆಸರಲ್ಲಿ ಸೈಕಲ್ ಹೊತ್ಕೊಂಡು ಹೋದರಂತೆ, ಅವರ ಕಾಲಿಗೆ ಬಿದ್ದೆ ಅಂತ ಹೇಳು. ಆ ತಿಮ್ಮರಾಯಪ್ಪ ಬದುಕಿದಾನೆ ಅನ್ನೋ ಸಾಲನ್ನ ಮೂರು ಸಲ ಓದಿಸಿಕೊಂಡೆ. ನಾನೇ ಓದಿದರೆ ನನಗೆ ಧೈರ್ಯ ಬರಲ್ಲ.

ಆಮೇಲಿನದು ಓದಿ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. ಆ ಮುದುಕಿ ಮನೆಮಂದಿನೆಲ್ಲ ಕಟ್ಟಿಕೊಂಡು ಮಾರಿಕಣಿವೇಲಿ ಬಸ್ಸಿಳಿದು ಗೋಳಾಡ್ತಾ ಬರ್ತಿದ್ದರೆ, ಅಳಿಯ ಅಲ್ಲೇ ಅಂಗಡಿ ಮುಂದೆ ಎಲೆ ಅಡಿಕೆ ತಗೊಳ್ತಾ ಇದ್ದನಂತೆ. "ಅಯ್ಯೋ, ಯಾರು ಹೋದ್ರು ಅತ್ತೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಟವಲು ಬಾಯಿಗಿಟ್ಟುಕೊಂಡು ತಾನೂ ಅತ್ತನಂತೆ! ಮುದುಕಿ ಕಣ್ಣೊರೆಸಿಕೊಂಡು ನೋಡಿ, ಬೆನ್ನಿಗೆ ನಾಕು ಗುದ್ದಿ, ತಬ್ಬಿಕೊಂಡಳಂತೆ. ಸುದ್ದಿ ಕಳಿಸಿದೋಳಿಗೆ ಅಂದರೆ ನನಗೆ ಬಾಯಿಗೆ ಬಂದಂಗೆ ಬೈದಳು ಅಂತ ಬರೆದಿದೀಯ. ಬೈಯಲಿ, ನ್ಯಾಯವೇ. ಆದರೆ ಕಾಗೆ ವಿಷಯ ತಿಳಿದ ಮೇಲೆ, "ಅತ್ತಿದ್ದು ಅತ್ತಾಯ್ತು, ಅದ್ರಾಗೆ ಅರ್ಧ ಆ ಹೆಣ್ಣುಮಗಳ ಗಂಡಂಗೆ ಹೋಗ್ಲಿ ಬಿಡ್ರಪ್ಪ" ಅಂದಳು ಅಂತ ಓದಿದಾಗ ಆ ದಿಕ್ಕಿಗೆ ತಿರುಗಿ ಕೈ ಮುಗಿದೆ. ಗುರುತಿಲ್ಲ, ನೆಂಟಸ್ತನ ಇಲ್ಲ.

ಆದರೆ ನಮ್ಮತ್ತೆ ಒಪ್ಪಲಿಲ್ಲ. "ಹಂಚ್ಕಳಾಕೆ ಅದೇನು ಪ್ರಸಾದನಾ? ನಿನ್ನ ಒಡಹುಟ್ಟಿದೋರೇ ಅಳ್ಬೇಕು" ಅಂದರು. ಅವರು ಅಂದ ಎರಡೇ ದಿನಕ್ಕೆ ಇವರ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ಮುಳ್ಳು ತೆಗೆದರೂ ಬಾವು ಮೊಣಕಾಲು ತನಕ ಏರ್ತು. ಚಳಿ ಜ್ವರ. ಕಾಂಪೌಂಡರು ಬಂದು ಇಂಜೆಕ್ಷನ್ ಚುಚ್ಚಿದರು. ಮಾಳಿಗೆ ಮೇಲೆ ಕಾಗೆ ಕೂಗಿದರೂ ನಾನು ಕೋಲು ಹಿಡಿದು ಆಚೆ ಓಡೋಳು. ಕಂಬಳಿ ಒಳಗಿಂದ ಇವರು, "ಹೊಡೀಬ್ಯಾಡ ಕಣೆ, ಅದು ನನ್ನ ಯೋಗಕ್ಷೇಮ ಕೇಳಾಕೆ ಬಂದೈತೆ" ಅಂತಾರೆ. ನನಗೆ ಅಳು, ಇವರಿಗೆ ಹುಡುಗಾಟ.

ಅದಕ್ಕೆ ಇನ್ನೊಂದು ಸಲ ಸುದ್ದಿ ಕಳಿಸಿದೆ. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮೂರ್ತಪ್ಪನ್ನ ಹಿಡಿದೆ. ಹೊಸದುರ್ಗದ ಮೇಲೆ ಹೊಳಲ್ಕೆರೆಗೆ ಬರೋ ಬಸ್ಸಿನೋನು. ಈ ಸಲ ಹೊಸದುರ್ಗ ತಾಲ್ಲೂಕಿನ ಹೊಸಕೆರೆ ಅಂತ ಬಿಡಿಸಿ ಹೇಳಿ ಅವನ ಬಾಯಲ್ಲೂ ಹೇಳಿಸಿದೆ. "ಆಯ್ತು ಕಣಕ್ಕ, ನಾನೇನು ಇಸ್ಕೂಲ್ ಹುಡುಗನಾ" ಅಂತ ರೇಗಿದ.

ಇವತ್ತು ಜ್ವರ ಬಿಟ್ಟೈತೆ. ಬಾವೂ ಸ್ವಲ್ಪ ಇಳಿದಂಗೆ ಕಾಣ್ತೈತೆ. ಮುಟ್ಟಿ ಮುಟ್ಟಿ ನೋಡ್ತೀನಿ ಅಂತ ಇವರು ಬೈತಾರೆ.

ನಿನ್ನ ಮಕ್ಕಳ ಮೈ ನೆಟ್ಟಗಿರಲಿ, ಮುರುಗಪ್ಪನೋರ ಕೈಗೆ ಕೆಲಸ ತಪ್ಪದಿರಲಿ, ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ. ಇನ್ನೇನು ಬರೀಲಿ.

ನಿನ್ನ
ಓಬಕ್ಕ

ಮರೆತಿದ್ದೆ ಅಂದರೆ ಸುಳ್ಳಾಗ್ತೈತೆ ಏಕಾಂತಿ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಮೂರ್ತಪ್ಪ ಸುದ್ದಿ ಮುಟ್ಟಿಸಿ ಬಂದ. ಮನೆ ಮುಂದೆ ಒಬ್ಬ ಗಂಡಸು ಕುಡುಗೋಲು ಮಸೀತಾ ಕುಂತಿದ್ದನಂತೆ. "ನಿಮ್ಮ ಭಾವ ತಿಮ್ಮರಾಯಪ್ಪ ಹೋಗಿಬಿಟ್ರು" ಅಂದಿದಾನೆ. "ಹೌದಾ" ಅಂದನಂತೆ. ಕುಡುಗೋಲು ಮಗ್ಗುಲು ತಿರುಗಿಸಿ ಮತ್ತೆ ಮಸೆದನಂತೆ. "ಮಣ್ಣಿಗೆ ಬರ್ತೀರಾ, ನಿಮ್ಮ ತಂಗೀಗೆ ಏನು ಹೇಳ್ಲಿ?" ಅಂತ ಇವನು ಕೇಳಿದ್ದಕ್ಕೆ, "ನಿನ್ನ ಬಸ್ಸು ಹೊಂಟೀತು ನೋಡು" ಅಂದನಂತೆ. ಅಷ್ಟೇ. ಯಾರೂ ಬರಲಿಲ್ಲ. ನಾನು ಬಾಗಿಲು ಕಾಯ್ತಾನೇ ಇದೀನಿ. ಕಾಗೆ ಭಯಕ್ಕಿಂತ ಇದು ದೊಡ್ಡದಾಗಿ ಕುಂತೈತೆ ಎದೆ ಮೇಲೆ. ನಾಳೆ ನಾನು ಹೋದರೂ ಹಿಂಗೇ ಅಲ್ವೇನೆ?

ಹೊಸದುರ್ಗ ತಾಲ್ಲೂಕಿನಲ್ಲೇ ಇನ್ನೊಂದು ಹೊಸಕೆರೆ ಇದ್ದರೂ ಇರಬಹುದು, ಆ ಗಂಡಸು ನಮ್ಮಣ್ಣ ಅಲ್ಲದೇನೂ ಇರಬಹುದು. ನಮ್ಮಣ್ಣ ಎಡಚ, ನಿನಗೆ ನೆನಪಿರಬೇಕು. ಕುಡುಗೋಲು ಯಾವ ಕೈಲಿತ್ತು ಅಂತ ಮೂರ್ತಪ್ಪನ್ನ ಕೇಳಿದೆ. ಎಡಗೈ ಇರಬೇಕು ಅಂದ. ಅವನು ನಿಂತಿದ್ದು ಎದುರಿಗೆ ಕಣೆ. ಎದುರಿಗೆ ನಿಂತೋರಿಗೆ ಎಡ ಬಲ ಅದಲು ಬದಲಾಗ್ತೈತೆ. ಅವನ ಬಸ್ಸು ಬೆಳಿಗ್ಗೆ ನಿಮ್ಮ ಅಂಗಡಿ ಮುಂದೆನೇ ನಿಲ್ತೈತಲ್ಲ, ಯಾವ ಕೈ ಅಂತ ಇನ್ನೊಂದು ಸಲ ಕೇಳಿ ನೋಡು.