ತೀರಿಕೊಂಡ ಅತ್ತೆ ಖುದ್ದಾಗಿ ಹಾಜರಾಗುವ ಬಗ್ಗೆ

ಗೃಹಸಾಲ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅತ್ತೆಗೆ ತಾವು ಕಳಿಸಿದ ನೋಟೀಸು ತಲುಪಿದೆ. ಈ ತಿಂಗಳ ಕೊನೆಯೊಳಗೆ ಅವರು ಎರಡು ಭಾವಚಿತ್ರಗಳೊಂದಿಗೆ ತಮ್ಮ ಕಚೇರಿಗೆ ಖುದ್ದಾಗಿ ಬಂದು ಸಹಿ ಮಾಡಬೇಕು, ತಪ್ಪಿದರೆ ಉಳಿದ ಸಾಲವನ್ನೆಲ್ಲ ಒಂದೇ ಗಂಟಿನಲ್ಲಿ ತೀರಿಸಬೇಕು, ಅದೂ ತಪ್ಪಿದರೆ ಅಡವಿಟ್ಟ ಮನೆಯನ್ನು ಹರಾಜು ಹಾಕಲಾಗುವುದು ಎಂದು ಬರೆದಿದ್ದೀರಿ. ಅತ್ತೆ ಬರಲಾರರು. ಅವರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಈ ಸಂಗತಿಯನ್ನು ತಮಗೆ ತಿಳಿಸುತ್ತಿರುವುದು ಇದು ಐದನೇ ಸಲ. ನಾಲ್ಕು ಸಲ ಅರ್ಜಿಯಲ್ಲಿ ತಿಳಿಸಿದೆ, ಈಗ ಈ ಬಹಿರಂಗ ಪತ್ರದಲ್ಲಿ ಊರಿಗೆಲ್ಲ ಕೇಳುವ ಹಾಗೆ ತಿಳಿಸುತ್ತಿದ್ದೇನೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಆರು ವರ್ಷದವನಿದ್ದಾಗ ನನ್ನನ್ನು ಕರೆತಂದು ಸಾಕಿದವರು. ರಸ್ತೆ ಕಡೆಯ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ ಇಟ್ಟುಕೊಂಡು ಆಸ್ಪತ್ರೆಗಳಿಗೆ ಹಾಸಿಗೆ ಹೊದಿಕೆ, ದಿಂಬಿನ ಚೀಲ ಹೊಲಿಯುತ್ತಿದ್ದರು. ಇಪ್ಪತ್ತು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಾರಲು ಹೊರಟಾಗ, ತಮ್ಮ ಕಚೇರಿಯಿಂದ ಸಾಲ ತೆಗೆದು ಅದನ್ನೇ ಕೊಂಡರು. ಸಾಯುವ ಮುಂಚೆ ಮನೆಯನ್ನು ನನ್ನ ಹೆಸರಿಗೆ ಉಯಿಲು ಬರೆದರು. ಮನೆ ಬಂದ ಮೇಲೆ ಅದರ ಸಾಲವೂ ನನ್ನದೇ ಅಲ್ಲವೇ? ನಾನು ಬೇಡ ಎಂದೆನೇ? ತಮ್ಮ ಮೇಜಿನ ಮುಂದೆ ದಿನಾ ಎಷ್ಟೋ ಜನ ಸಾಲ ಮನ್ನಾ ಮಾಡಿ ಎಂದು ಅಳುತ್ತಾರಂತೆ. ನಾನು ಸಾಲವನ್ನು ನನ್ನ ತಲೆಗೆ ಕಟ್ಟಿ ಎಂದು ಅಂಗಲಾಚುತ್ತಿದ್ದೇನೆ. ಇಂಥ ಗಿರಾಕಿ ತಮಗೆ ಎಲ್ಲಿ ಸಿಕ್ಕಾನು?

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಕೊನೆಯ ಎರಡು ವರ್ಷ ಮಂಡಿ ನೋವಿನಿಂದ ಅತ್ತೆ ಹೊರಗೆ ಹೋಗುವಂತಿರಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕು ನಾನೇ ಹೋಗಿ ಕಂತು ಕಟ್ಟುತ್ತಿದ್ದೆ. ಮೊದಲ ಸಲ ಚೀಟಿಯಲ್ಲಿ ‘ಹಣ ಕಟ್ಟುವವರು’ ಎಂಬ ಕಡೆ ನನ್ನ ಹೆಸರು ಬರೆದಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ರಸೀದಿ ಓದಿದರು. “ಸಾಲ ತಗೊಂಡೋಳು ನಾನು, ಮೆಷಿನ್ ತುಳಿದೋಳು ನಾನು. ನಡುವೆ ನಿನ್ನ ಹೆಸರು ಯಾಕೋ ಬಂತು?” ಎಂದು ಸಿಡುಕಿದರು. ಅಂದಿನಿಂದ ಅವರ ಹೆಸರನ್ನೇ ಬರೆದೆ. ಅವರು ತೀರಿಕೊಂಡದ್ದು ಎರಡನೇ ತಾರೀಕು. ಐದಕ್ಕೆ ಮನೆ ತುಂಬ ನೆಂಟರು. “ಕಂತು ಮಾತ್ರ ತಪ್ಪಿಸಬೇಡ ಕಣೋ” ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಲ್ಲ, ಹಿತ್ತಿಲ ಬಾಗಿಲಿನಿಂದ ಹೊರಟು ತಮ್ಮ ಕೌಂಟರಿಗೆ ಬಂದೆ. ಕೈ ತಾನಾಗಿ ಅವರ ಹೆಸರು ಬರೆಯಿತು.

ಅದೇ ನನಗೆ ಉರುಳಾಯಿತು. ಮರಣ ಪತ್ರ, ಉಯಿಲು, ಅರ್ಜಿ ಎಲ್ಲ ಕೊಟ್ಟು ತಿಂಗಳುಗಟ್ಟಲೆ ಅಲೆದ ಮೇಲೆ ತಮ್ಮ ಕಡತ ವಿಭಾಗದ ಗುಮಾಸ್ತರು ಕರುಣೆಯಿಂದ ಒಂದು ಗುಟ್ಟು ಹೇಳಿದರು. “ಕಂತು ಸರಿಯಾಗಿ ಬರ್ತಿದೆಯಲ್ಲ, ಅದೇ ತೊಂದರೆ. ಅವರ ಹೆಸರಲ್ಲಿ ದುಡ್ಡು ಬಂದರೆ ಅವರು ಬದುಕಿದ್ದಾರೆ ಅಂತ ಕಂಪ್ಯೂಟರ್ ಲೆಕ್ಕ. ಒಂದು ಮೂರು ತಿಂಗಳು ಕಟ್ಟೋದು ನಿಲ್ಲಿಸಿಬಿಡಿ. ಆಗ ವಸೂಲಿಯವರೇ ವಾರಸುದಾರರನ್ನ ಹುಡುಕ್ಕೊಂಡು ಬರ್ತಾರೆ.”

“ಹಾಗಾದ್ರೆ ಈ ತಿಂಗಳಿಂದ ನನ್ನ ಹೆಸರು ಬರೀಲಾ?” ಎಂದು ಕೇಳಿದೆ.

“ಅಯ್ಯೋ, ಬೇಡಿ. ಅರ್ಜಿ ತೀರ್ಮಾನ ಆಗೋವರೆಗೂ ಹೇಗಿದೆಯೋ ಹಾಗೇ ಬರೀರಿ. ಇಲ್ಲಾಂದ್ರೆ ಇನ್ನೊಂದು ಗೊಂದಲ.”

ಮಾನ್ಯರೇ, ನ್ಯಾಯವಾಗಿ ಹೇಳಿ. ಸರಿಯಾಗಿ ಕಟ್ಟುವವನನ್ನು ತಮ್ಮ ಕಚೇರಿ ಗುರುತಿಸುವುದಿಲ್ಲ, ಬಾಕಿ ಉಳಿಸಿಕೊಂಡವನನ್ನು ಮನೆ ಬಾಗಿಲಿಗೆ ಹುಡುಕಿಕೊಂಡು ಬರುತ್ತದೆ ಎಂದರೆ, ಇದು ಯಾವ ಸೀಮೆಯ ನಿಯಮ? ಮೂರು ತಿಂಗಳು ಸುಮ್ಮನಿರುವುದು ಕಷ್ಟವೇನಲ್ಲ. ಆದರೆ ಹದಿನೈದು ವರ್ಷ ಒಂದು ಕಂತನ್ನೂ ತಪ್ಪಿಸದವರ ಹೆಸರಿಗೆ, ಅವರು ಸತ್ತ ಮೇಲೆ ನಾನು ಮಸಿ ಬಳಿಯಲೇ?

ತಾವು ಮರೆತಿರಬಹುದು, ನಾವಿಬ್ಬರೂ ಒಮ್ಮೆ ಭೇಟಿಯಾಗಿದ್ದೇವೆ. ನನ್ನ ಕಸುಬು ಬೀಗ ರಿಪೇರಿ. ಮೂರು ತಿಂಗಳ ಹಿಂದೆ ತಮ್ಮ ಕಡತದ ಬೀರು ತೆರೆಯದೆ ನನಗೆ ಕರೆ ಬಂತು. ಏಳು ನಿಮಿಷದಲ್ಲಿ ತೆರೆದುಕೊಟ್ಟೆ. ಎರಡನೇ ಅರೆಯಲ್ಲೇ ಅತ್ತೆಯ ಕಡತವಿತ್ತು. ಅದರಿಂದ ಇಣುಕುತ್ತಿದ್ದದ್ದು ನನ್ನದೇ ಕೈಬರಹ. ತಲುಪಿಯೇ ಇಲ್ಲ ಎಂದು ತಮ್ಮವರು ಹೇಳುತ್ತಿದ್ದ ಅರ್ಜಿಗಳು ಅಲ್ಲಿ ಒಂದರ ಮೇಲೊಂದು ನೆಮ್ಮದಿಯಾಗಿ ಮಲಗಿದ್ದವು. ಕೈ ಚಾಚಿದೆ. “ಮುಟ್ಟಬೇಡಿ! ಸಂಬಂಧಪಟ್ಟವರು ಬಿಟ್ಟು ಬೇರೆಯವರು ನೋಡೋ ಹಾಗಿಲ್ಲ” ಎಂದಿರಿ. “ಸ್ವಾಮಿ, ಇದು ನಮ್ಮತ್ತೇದು” ಎಂದೆ. “ಹಾಗಾದ್ರೆ ಅವರನ್ನೇ ಕಳಿಸಿ” ಎಂದಿರಿ. ಬೀಗದ ಕೂಲಿಗೆ ಮಾತ್ರ ನನ್ನ ಹೆಸರಿನಲ್ಲೇ ಸಹಿ ಹಾಕಿಸಿಕೊಂಡಿರಿ. ಆ ದಿನ ನಾನು ಯಾರೆಂದು ತಮಗೆ ಗುರುತು ಸಿಕ್ಕಿತ್ತು.

“ಇನ್ನೆಷ್ಟು ದಿನ ಗಾಳಿ ಗುದ್ದಿ ಮೈ ನೋಯಿಸ್ಕೋತೀರಿ? ಮನೆ ಹೋದ್ರೆ ಹೋಗ್ಲಿ” ಎನ್ನುತ್ತಾಳೆ ನನ್ನ ಹೆಂಡತಿ. ಹಾಗೆ ಹೇಳಿದವಳೇ ಮುಂದಿನ ಕೋಣೆಗೆ ಹೋಗಿ ಮೆಷಿನ್‌ಗಳ ಧೂಳು ಒರೆಸುತ್ತಾಳೆ. ನನಗೂ ಸಾಕಾಗಿದೆ. ಸಿಟ್ಟು ಬರುವಷ್ಟು ಶಕ್ತಿಯೂ ಉಳಿದಿಲ್ಲ.

ಆದರೂ ನನ್ನಿಂದ ಈ ಪತ್ರ ಬರೆಸಿದ್ದು ಹೋದ ತಿಂಗಳ ಐದನೇ ತಾರೀಕಿನ ಒಂದು ಮಾತು. ಕೌಂಟರಿನ ಹೆಣ್ಣುಮಗಳು ಒಳ್ಳೆಯವಳು. ಚೀಟಿ ನೋಡಿ, “ಅಮ್ಮಾವ್ರು ಹೇಗಿದ್ದಾರೆ? ಮಂಡಿ ನೋವು ಕಡಿಮೆ ಆಯ್ತಾ?” ಎಂದು ಕೇಳಿದಳು. ಹಿಂದೆ ಉದ್ದ ಸಾಲು, ಮುಂದೆ ಅವರ ಹೆಸರು ಬರೆದ ಚೀಟಿ. ನಾನು, “ಚೆನ್ನಾಗಿದ್ದಾರೆ” ಎಂದುಬಿಟ್ಟೆ. ಹೊರಗೆ ಬಂದು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಅವರು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಮನೆಗೆ ಹೋದ ಮೇಲೂ ಅವರ ಫೋಟೋದ ಕಡೆ ನೋಡಲು ನಾಚಿಕೆಯಾಯಿತು.

ಆದ್ದರಿಂದ ಇಷ್ಟು ಮಾಡಿ. ಬೀರುವಿನ ಎರಡನೇ ಅರೆಯಿಂದ ಆ ಕಡತ ತೆಗೆಯಿರಿ, ಅವರ ಹೆಸರಿನ ಮುಂದೆ ತೀರಿಕೊಂಡಿದ್ದಾರೆ ಎಂದು ಬರೆಯಿರಿ, ಅದರ ಕೆಳಗೆ ನನ್ನ ಹೆಸರು ಬರೆಯಿರಿ. ಬಡ್ಡಿಯಲ್ಲಿ ಒಂದು ಕಾಸೂ ಕಡಿಮೆ ಮಾಡಬೇಡಿ. ಬರುವ ಐದನೇ ತಾರೀಕು ಎಂದಿನಂತೆ ಕಂತಿನೊಂದಿಗೆ ಬರುತ್ತೇನೆ. ಚೀಟಿಯಲ್ಲಿ ಈ ಸಲ ನನ್ನ ಹೆಸರಿರುತ್ತದೆ. ಬೇಡವೆಂದಾದರೆ ಏಕೆ ಬೇಡವೆಂದು ಬರೆದುಕೊಡಿ. ನನ್ನ ಹೆಸರು ಯಾಕೋ ಬಂತು ಎಂದು ಕೇಳುವ ಹಕ್ಕು ಒಬ್ಬರಿಗೇ ಇತ್ತು, ಅವರೀಗ ಇಲ್ಲ.

ಇಂತಿ,
ತಮ್ಮ ಕಡತದಲ್ಲಿ ಬದುಕಿರುವ ಸಾಲಗಾರ್ತಿಯ ತಮ್ಮನ ಮಗ,
ತಮ್ಮ ಬೀರುವಿನ ಬೀಗ ತೆರೆದುಕೊಟ್ಟವನು